ಪರದೆಗೆ ಕೇಳಿದ ಪ್ರಶ್ನೆ

ರಜೆ ಮುಗಿಸಿ ಬಂದ ಕಡಲಜೀವಶಾಸ್ತ್ರದ ಪ್ರಾಧ್ಯಾಪಕಿ ಗೇವುವಾ ಹಿತೋಲೊ ತನ್ನ ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಹವಳ, ಏಡಿ ಸಾಕಿದ್ದ ಗಾಜಿನ ತೊಟ್ಟಿಗಳು ಹೊರಗೆ ಬಿಸಿಲಲ್ಲಿ ಬಿದ್ದಿದ್ದವು. ಒಳಗೆ ಗೋಡೆಯಗಲದ ಪರದೆ.

"ಹವಳ ಎಲ್ಲೋ?"

"ಕಡಲಿಗೇ ವಾಪಸ್ ಹಾಕಿಸ್ದೆ, ಮೇಡಂ," ಎಂದ ಮೊರೆಯಾ ಕಿಲ. ಒಂದು ಕಾಲಕ್ಕೆ ಅವಳದೇ ವಿದ್ಯಾರ್ಥಿ. ಕಡಲಾಚೆಯ ಬ್ರಿಸ್ಬೇನಿನಲ್ಲಿ ಓದಿ ಬಂದು ಈಗ ವಿಶ್ವವಿದ್ಯಾಲಯದ ಸುಧಾರಣಾ ಯೋಜನೆಯ ಮುಖ್ಯಸ್ಥ. "ಇನ್ಮೇಲೆ ಪಾಠ ಬ್ರಿಸ್ಬೇನಿಂದ ಈ ಪರದೆಗೇ ಬರತ್ತೆ."

"ಸೋರೋ ದೋಣಿಗೆ ಬಣ್ಣ ಹಚ್ಚೋಕೆ ಬಂದ್ಯಾ? ಹಾಸ್ಟೆಲಲ್ಲಿ ನೀರಿಲ್ಲ, ಗ್ರಂಥಾಲಯದ ಸೂರು ಕುಸಿದಿದೆ. ನಿನ್ನ ಕಣ್ಣಿಗೆ ಬಿದ್ದಿದ್ದು ನನ್ನ ತೊಟ್ಟಿ."

"ಕಣ್ಣಿಗೆ ಬಿದ್ದಿದ್ದು ನಿಮ್ಮ ಪಾಠ. ಅವತ್ತು ನಾನು ಬರ್ಕೊಂಡಿದ್ದನ್ನೇ ಇವತ್ತಿನ ಮಕ್ಕಳೂ ಬರ್ಕೋತಿದಾರೆ. ಪ್ರಶ್ನೆ ಕೇಳಿದ್ರೆ ಅವತ್ತೂ ಬೈಗುಳ, ಇವತ್ತೂ ಬೈಗುಳ."

"ಮಕ್ಕಳನ್ನೇ ಕೇಳು ಹೋಗು."

"ಕೇಳ್ದೆ ಮೇಡಂ. ಪರದೇನೇ ಬೇಕು ಅಂದ್ರು. ಮೊದಲು ಕೈಯೆತ್ತಿದ್ದು ಬೋಯಿಯೋ."

ಬೋಯಿಯೋ ತರಗತಿಯ ಜಾಣೆ. ಅವಳಿಗೆ ತನ್ನ ಮೇಲೆ ಭಕ್ತಿ ಎಂದೇ ಗೇವುವಾ ನಂಬಿದ್ದಳು.

ಪರದೆಯ ಮೊದಲ ಪಾಠಕ್ಕೆ ಗೇವುವಾ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಳು, ಅದು ಎಡವುವುದನ್ನು ನೋಡಲೆಂದೇ. ಪರದೆಯ ಮೇಲಿನ ಪ್ರಾಧ್ಯಾಪಕ ಸೊಗಸಾಗಿ ಮಾತಾಡಿದ. ಅದೂ ಅವಳನ್ನು ಉರಿಸಿತು. ಪಾಠ ಮುಗಿಯುವಾಗ ಬೋಯಿಯೋ ಎದ್ದಳು.

"ನಮ್ಮೂರಿನ ಹವಳದ ದಿಬ್ಬದಲ್ಲಿ ಒಂದು ಮಗ್ಗುಲು ಪೂರ್ತಿ ಬಿಳಿಚಿದೆ, ಇನ್ನೊಂದು ಚೆನ್ನಾಗಿದೆ. ಯಾಕೆ?"

ಎಂದೋ ಚಿತ್ರೀಕರಣಗೊಂಡಿದ್ದ ಪ್ರಾಧ್ಯಾಪಕ ನಗುತ್ತ ವಂದನೆ ಹೇಳಿ ಮಾಯವಾದ.

"ಈಮೇಲ್ ಮಾಡೋಣ," ಎಂದ ಮೊರೆಯಾ. ತಲೆಗಳೆಲ್ಲ ಹಿಂದಿನ ಸಾಲಿಗೆ ತಿರುಗಿದವು.

"ನನ್ನ ಮುಖ ಏನ್ ನೋಡ್ತೀರಾ? ನನ್ನ ಪಾಠ ಹಳಸಿದೆಯಂತಲ್ಲ," ಎಂದು ಗೇವುವಾ ಎದ್ದು ಹೊರಟಳು.

ಗೆದ್ದ ಸೊಕ್ಕು ಮನೆಯವರೆಗೂ ಉಳಿಯಲಿಲ್ಲ. ಬಾಯಿಗೆ ಹಾಕಿದ ಅಡಿಕೆಯೂ ರುಚಿಸಲಿಲ್ಲ. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಆ ದಿಬ್ಬದಲ್ಲಿ ಅವಳು ಕೊನೆಯ ಸಲ ಮುಳುಗಿದ್ದು ತಲೆಗೂದಲು ಕಪ್ಪಗಿದ್ದಾಗ.

ಮರುದಿನ ಬೋಯಿಯೋಳನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದಳು. "ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ." ಕಡಲಿನತ್ತ ಕೈ ತೋರಿಸಿದಳು. "ನಿಮ್ಮಪ್ಪನ ದೋಣಿ ಸಿಗುತ್ತಾ? ದಿಬ್ಬಕ್ಕೇ ಹೋಗಿ ನೋಡೋಣ."

ಹುಡುಗಿ ಅನುಮಾನದಿಂದ ನೋಡಿದಳು. "ಪ್ರಶ್ನೆ ಕೇಳಿದ್ರೆ ಬೈಯಲ್ವಾ?"

"ಬೈತೀನಿ. ಆದ್ರೂ ಕೇಳು."

ತರಗತಿಯ ಅರ್ಧದಷ್ಟು ಮಕ್ಕಳು ದಡಕ್ಕೆ ಬಂದರು. ಮೊರೆಯಾನೂ ಬಂದ, ದೋಣಿ ಹತ್ತಲಲ್ಲ. "ಪಾಠದ ಹೊತ್ತಿದು. ಎಲ್ಲರಿಗೂ ಗೈರುಹಾಜರಿ ಬೀಳತ್ತೆ. ನಿಮಗೂ."

"ಹಾಕ್ಕೋ."

ಅವನು ಹಾಕಿದ, ಅವಳ ಮೇಲೆ ಶಿಸ್ತುಕ್ರಮವನ್ನೂ ಜರುಗಿಸಿದ. ಅವಳಿಗೆ ಉಳಿದಿದ್ದ ಪಾಠಗಳನ್ನೂ ವಿಶ್ವವಿದ್ಯಾಲಯದವರು ಕಿತ್ತುಕೊಂಡರು. ಆಮೇಲೆ ಅವಳು ಮಕ್ಕಳನ್ನು ಶನಿವಾರಗಳಂದು ದಿಬ್ಬಕ್ಕೆ ಕರೆದೊಯ್ದಳು. ಮಳೆಗಾಲ ಬರುವ ಹೊತ್ತಿಗೆ, ಹೊಸ ರಸ್ತೆಗೆ ಅಗೆದ ಕೆಮ್ಮಣ್ಣು ತೊರೆಯಲ್ಲಿ ಹರಿದುಬಂದು ಬಿಳಿಚಿದ ಮಗ್ಗುಲಿಗೇ ಕೂರುತ್ತಿದೆ ಎಂದು ಕಂಡುಕೊಂಡವಳು ಬೋಯಿಯೋ. ಅಲ್ಲ, ಅದು ಬಿಸಿಯೇರಿದ ಕಡಲನೀರಿನ ಕೆಲಸ ಎಂದು ಅಲ್ಲಿಯವರೆಗೂ ವಾದಿಸಿದ್ದವಳು ಗೇವುವಾ.

ಮೊರೆಯಾ ಆ ಸಂಶೋಧನೆಯನ್ನು ತನ್ನ ಯೋಜನೆಯ ಸಾಧನೆಯೆಂದು ಸಭೆಯಲ್ಲಿ ಹೊಗಳಿದ. ಗೇವುವಾ ಚಪ್ಪಾಳೆ ತಟ್ಟಲಿಲ್ಲ. ಅವರಿಬ್ಬರೂ ಮತ್ತೆಂದೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.