ದಪ್ಪಿನೊಳಗಿನ ಜವಾಬು

ಎಳ್ಳಮಾವಾಸ್ಯೆಯ ಮರುದಿನ ಗೊಬ್ಬೂರಿನ ಶಾಲೆಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರದೇಶಿ, ನಾಗೇಶಿ ಮೇಳಗಳ ಸವಾಲ್ ಜವಾಬ್ ಎಂದರೆ ಆ ಕಡೆಯ ಜನಕ್ಕೆ ಊಟದ ನೆನಪೂ ಆಗುವುದಿಲ್ಲ. ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಹಾಡಬೇಕು. ಒಬ್ಬರು ಪದದಲ್ಲಿ ಕೇಳಿದ್ದಕ್ಕೆ ಇನ್ನೊಬ್ಬರು ನಿಂತಲ್ಲೇ ಪದ ಕಟ್ಟಿ ಉತ್ತರ ಕೊಡಬೇಕು. ತಡವರಿಸಿದರೆ ಜನ ಬಿಡುತ್ತಾರೆಯೇ? ಸಿಳ್ಳೆ ಹೊಡೆದೇ ಮನೆಗೆ ಕಳಿಸುತ್ತಾರೆ.

ಯಡ್ರಾಮಿಯ ಹರದೇಶಿ ಮೇಳದ ಮುಂದೆ ಶಂಕರಲಿಂಗ ಮೀಸೆ ತೀಡುತ್ತ ನಿಂತಿದ್ದ. ನಿಂಬರ್ಗಾದ ನಾಗೇಶಿ ಮೇಳದ ಮುಂದೆ ಇಷ್ಟು ವರ್ಷ ನಿಲ್ಲುತ್ತಿದ್ದವಳು ಮಲ್ಕಮ್ಮ. ಈಗ ಅವಳ ದನಿ ಒಡೆದಿತ್ತು. ಇವತ್ತು ಮೊದಲ ಸಲ ಆ ಜಾಗದಲ್ಲಿ ಅವಳ ಶಿಷ್ಯೆ ಮಧುಮತಿ ನಿಂತಿದ್ದಳು.

"ಇವತ್ತ ನೀ ಜವಾಬ್ ಕೊಟ್ಟಿ ಅಂದ್ರ ಈ ದಪ್ಪು ನಿಂದು ಬೇ," ಎಂದು ಮಲ್ಕಮ್ಮ ಬೆಳಿಗ್ಗೆಯೇ ಹೇಳಿದ್ದಳು. "ಇಲ್ಲಂದ್ರ ಮೊದಲಿನ್ಹಂಗ ತುಂತುಣಿ ತಂತಿ ಮೀಟಕೋತ ನನ್ನ ಹಿಂದ ನಿಂದ್ರು."

ಆ ದಪ್ಪು ಮಲ್ಕಮ್ಮನಿಗೆ ಅವಳ ಗುರುವಿನ ಕೈಯಿಂದ ಬಂದದ್ದು. ಕೈತಾಕಿ ನುಣುಪಾದ ಕಟ್ಟಿಗೆಯ ಬಳೆ, ಒಂದು ಮೈಗೆ ಬಿಗಿದ ಚರ್ಮ, ಹಿಂದೆ ಪೂರ್ತಿ ಖಾಲಿ. ಮಧುಮತಿಗೆ ಅದು ಬೇಕಿತ್ತು. ಬಂಗಾರದ ಸರ ಕೊಟ್ಟರೂ ಬೇಡ, ಅದೇ ಬೇಕಿತ್ತು.

ಸೋಲುವ ಭಯ ಅವಳಿಗೆ ಅಷ್ಟಾಗಿ ಇರಲಿಲ್ಲ. ದಪ್ಪಿನ ಆ ಖಾಲಿ ಬೆನ್ನಿನೊಳಗೆ ಟೇಪು ಹಚ್ಚಿ ಮೊಬೈಲನ್ನು ಕೂರಿಸಿಬಿಟ್ಟಿದ್ದಳು! ಮೊಬೈಲಿನ ಎಐ ಸವಾಲನ್ನು ತಾನೇ ಕೇಳಿಸಿಕೊಳ್ಳುತ್ತಿತ್ತು. ಹಿಂದೆ ನಿಂತ ಮೇಳದವರು "ಜೀ ಜೀ ಜೀ" ಎಂದು ದನಿ ಎಳೆಯುವಷ್ಟರಲ್ಲಿ ಜವಾಬು ಪರದೆಯ ಮೇಲೆ ಬಂದು ಕೂರುತ್ತಿತ್ತು. ದಪ್ಪನ್ನು ಎದೆಯ ಹತ್ತಿರ ಓರೆ ಹಿಡಿದರೆ ಓದಲು ಏನೂ ಕಷ್ಟವಿರಲಿಲ್ಲ.

ಇದು ಶುರುವಾದದ್ದು ಮಳೆಗಾಲದ ಒಂದು ತಾಲೀಮಿನಲ್ಲಿ. ಮಲ್ಕಮ್ಮ ಹಾಕಿದ ಸವಾಲಿಗೆ ಏನೂ ಹೊಳೆಯದೆ ಮಧುಮತಿ ಎಐಗೆ ಕೇಳಿದಳು, ಬಂದದ್ದನ್ನು ಹಾಡಿದಳು. ಮಲ್ಕಮ್ಮ "ಶಾಭಾಸ್ ಮಗಳ!" ಎಂದಳು. ಆ ಶಾಭಾಸ್‌ಗೆ ಹುಡುಗಿ ಮರುಳಾದಳು. ಆಮೇಲೆ ಸವಾಲು ಮುಗಿಯುವ ಮೊದಲೇ ಬೆರಳು ಮೊಬೈಲಿನತ್ತ ಹೋಗತೊಡಗಿತು. ಹೊಳೆಯುತ್ತದೋ ಇಲ್ಲವೋ ಎಂದು ಕಾದು ನೋಡುವುದನ್ನೇ ಅವಳು ಬಿಟ್ಟಳು.

ಮೊದಲ ಸವಾಲು ಸಲೀಸಾಗಿ ದಾಟಿತು. ಪರದೆ ಹೇಳಿದ್ದನ್ನು ಮಧುಮತಿ ಹಾಡಿದಳು, ಬಯಲು ಚಪ್ಪಾಳೆ ತಟ್ಟಿತು. ಮಲ್ಕಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ದಪ್ಪಿನ ದನಿ ಯಾಕ ಮಂಕಾಗೇದ?"

"ಥಂಡಿ ಅದ ಅಲಾ ಆಯಿ, ಅದಕ್ಕ," ಎಂದು ಮಧುಮತಿ ಮುಖ ತಿರುಗಿಸಿದಳು.

ಶಂಕರಲಿಂಗ ಎರಡನೆಯ ಸವಾಲು ಎಸೆದ. ದಪ್ಪು ಬಡಿದು, ಒಂದು ಸುತ್ತು ತಿರುಗಿ, ಭರ್ಜರಿಯಾಗಿ ಹಾಡಿದ. ಮಧುಮತಿಯ ಕಣ್ಣು ಪರದೆಯ ಮೇಲಿತ್ತು. ಸಾಲು ಬಂದವು. ಆಹಾ, ಎಂಥ ಪ್ರಾಸ! ಅವಳು ದನಿಯೆತ್ತಿ ಹಾಡೇಬಿಟ್ಟಳು:

"ಬೀಜವೆ ಲೋಕದ ಮೂಲವು ಕೇಳಿ, ಬೀಜವೆ ಜೀವದ ಸಾರ,
ಬೀಜವು ಬೀಳದ ಹೊಲವದು ಬರಿದೆ ಮಣ್ಣಿನ ಭಾರ!"

ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದ ಜೈತುನಬಿ ಕೈ ಎತ್ತಿ ಕೂಗಿದಳು: "ಏ ಹುಡುಗಿ! ನೀ ಯಾರ ಕಡಿ ಹಾಡಾಕತ್ತೀದಿ ಬೇ?"

ನಗೆ ಎದ್ದಿತು ನೋಡಿ, ಶಾಲೆಯ ತಗಡು ಅದುರಿತು. ಹೆಣ್ಣಿನ ಪರ ಹಾಡಬೇಕಾದ ನಾಗೇಶಿಯ ಮುಂದಾಳು ಬೀಜವನ್ನು ಹೊಗಳಿ, ಹೊಲವನ್ನು ಹೀಗಳೆದು, ಗಂಡಿನ ಪಕ್ಷವನ್ನು ತಾನೇ ಗೆಲ್ಲಿಸಿದ್ದಳು. ಪಾಪ, ಎಐಗೆ ಬೀಜ ಯಾರದು, ಹೊಲ ಯಾರದು ಎಂದು ಯಾರು ಹೇಳಿದ್ದರು?

ಶಂಕರಲಿಂಗ ಕೈ ಮುಗಿದ. "ನಮ್ಮ ಮೇಳಕ್ಕ ಬರ್ತೀಯೇನವಾ ತಂಗಿ? ಜಾಗಾ ಖಾಲಿ ಅದ."

ಮಧುಮತಿಯ ಕಿವಿ ಕೆಂಪೇರಿತು. ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಅಷ್ಟರಲ್ಲಿ ಮಲ್ಕಮ್ಮ ಎದ್ದು, "ದಪ್ಪು ಕಾಯಿಸ್ಬೇಕ್ರಿ!" ಎಂದು ಸಾರಿದಳು. ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳಲು ಬಿಡುವು ಕೊಡುವುದು ಪದಗಾರರ ರಿವಾಜು. ಆಗ ಯಾರೂ ತಕರಾರು ತೆಗೆಯುವುದಿಲ್ಲ. ಚಹಾದ ರಸೂಲ ಮೂಲೆಯಲ್ಲಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಕೊಟ್ಟ.

ಮಲ್ಕಮ್ಮ ದಪ್ಪನ್ನು ಉರಿಯ ಹತ್ತಿರ ಒಯ್ದಳು.

"ಆಯಿ! ತಡಿ, ತಡಿ!" ಮಧುಮತಿ ಓಡಿ ಬಂದಳು. ಇನ್ನು ಮುಚ್ಚಿಡುವಂತಿರಲಿಲ್ಲ. ಟೇಪು ಕಿತ್ತು ಮೊಬೈಲನ್ನು ಹೊರಗೆ ತೆಗೆದಳು.

ಮಲ್ಕಮ್ಮ ಅದನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಅವಳ ಮುಖ ಸಣ್ಣಗಾಯಿತು. ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ.

"ಇದು ಸವಾಲ್ ಕೇಳ್ತದೇನು?"

"ಹೂಂ ಆಯಿ. ಕೇಳ್ತದ."

"ಮತ್ತ ನೀ ಕೇಳಿದ್ಯಾ? ಏನಿತ್ತು ಸವಾಲ್? ಹೇಳು ನೋಡೋಣು."

ಮಧುಮತಿ ಬಾಯಿ ತೆರೆದಳು. ಬೀಜ ಅಂತೇನೋ ಇತ್ತು. ಮುಂದೆ? ಶಂಕರಲಿಂಗ ತಿರುಗಿದ್ದು ನೆನಪಿತ್ತು, ಅವನ ಮೀಸೆ ನೆನಪಿತ್ತು. ಅವನ ಮಾತು ಒಂದೂ ನೆನಪಿಗೆ ಬರಲಿಲ್ಲ. ಮಾರುದೂರದಲ್ಲಿ ನಿಂತು ಅಷ್ಟು ಗಟ್ಟಿಯಾಗಿ ಹಾಡಿದವನನ್ನು ತಾನು ಕೇಳಿಸಿಕೊಂಡೇ ಇರಲಿಲ್ಲ! ಇವತ್ತು ಅಷ್ಟೇ ಅಲ್ಲ, ಮಳೆಗಾಲದಿಂದ ಈಚೆಗೆ ಯಾರ ಸವಾಲನ್ನೂ ಕೊನೆಯತನಕ ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಒಂದು ವಿಚಿತ್ರ ಹುರುಪೂ ಬಂತು. ಕೇಳಿದರೆ ಏನಾಗುತ್ತದೋ ನೋಡಿಯೇಬಿಡೋಣ ಅನ್ನಿಸಿತು.

ಮೊಬೈಲನ್ನು ಮಲ್ಕಮ್ಮನ ಉಡಿಗೆ ಹಾಕಿದಳು. ಬಿಸಿಯಾದ ದಪ್ಪನ್ನು ಕಸಿದುಕೊಂಡು ನಡುವೆ ಬಂದು ನಿಂತಳು.

"ಶಂಕರಲಿಂಗ ಕಾಕಾ, ಸವಾಲ್ ಇನ್ನೊಮ್ಮಿ ಹಾಡ್ರಿ. ನಾ ಕೇಳಿದ್ದಿಲ್ರಿ."

"ಹತ್ತು ಸಲ ಹಾಡ್ತೇನಿ ತಗೋ!" ಎಂದು ಶಂಕರಲಿಂಗ ನಕ್ಕು ದಪ್ಪು ಬಡಿದ:

"ಬೀಜ ಹಿರಿದೋ ಹೊಲವು ಹಿರಿದೋ ಹೇಳ ನಾಗೇಶಿ,
ಬೀಜ ಕಾಣದ ಹೊಲವ ನೋಡಿ ನಕ್ಕನೊ ಹರದೇಶಿ!"

ಈ ಸಲ ಅವಳು ಪ್ರತಿ ಮಾತನ್ನೂ ಕೇಳಿದಳು. ಕೊನೆಯ "ನಕ್ಕನೊ" ಎಂಬಲ್ಲಿ ಅವನ ಸೊಕ್ಕನ್ನೂ ಕೇಳಿದಳು. ಹಿಂದಿನವರು ಜೀ ಜೀ ಎಳೆದರು. ತಲೆಯಲ್ಲಿ ಏನೂ ಇಲ್ಲ. ಅಯ್ಯೋ, ಏನೂ ಇಲ್ಲ! ಆದರೂ ನಿಂತಳು. ಮನೆಯ ಅಟ್ಟದ ಮೇಲಿನ ಮಣ್ಣಿನ ಗಡಗಿ ಕಣ್ಣಿಗೆ ಬಂತು. ಅದರೊಳಗೆ ಬಿತ್ತನೆಗೆಂದು ಅವ್ವ ಬೂದಿ ಬೆರೆಸಿ ಇಟ್ಟ ತೊಗರಿ ಬೀಜ. ಬಾಯಿ ತಾನಾಗಿ ತೆರೆಯಿತು:

"ಗಡಗಿಯೊಳಗ ಮಲಗಿತ್ತು ಬೀಜ, ಕಣ್ಣ ಬಿಡಲಿಲ್ಲ,
ಹೊಲದ ಮಡಿಲಿಗಿ ಬಿದ್ದ ಮ್ಯಾಲೆ ಸುಮ್ಮನ ಕೂಡಲಿಲ್ಲ!"

"ಹೌದವ್ವ ಹೌದು!" ಎಂದು ಜೈತುನಬಿ ಶೇಂಗಾ ಚೆಲ್ಲಿ ಎದ್ದಳು. ಮಧುಮತಿ ನಿಲ್ಲಲಿಲ್ಲ:

"ಎರವಿನ ಬೀಜ ಅಂಗೈಯೊಳಗ ಹಿಡಿದು ಮೆರದೆನಾ,
ನನ್ನ ಹೊಲಾನ ನಾನೇ ಮರತು ನಿನ್ನ ಹೊಗಳಿದೆನಾ!"

ಬಯಲು ಎದ್ದು ಕುಣಿಯಿತು. ಶಂಕರಲಿಂಗ ತನ್ನ ರುಮಾಲು ತೆಗೆದು ಗಾಳಿಯಲ್ಲಿ ಬೀಸಿದ. ಪ್ರಾಸ ಪರದೆಯ ಪದದಷ್ಟು ನುಣುಪಾಗಿರಲಿಲ್ಲ, ಎರಡು ಕಡೆ ತಾಳವೂ ಜಾರಿತ್ತು, ಯಾರಿಗೂ ಅದರ ಚಿಂತೆ ಇರಲಿಲ್ಲ.

ಅವಳು ಬಂದು ಮಲ್ಕಮ್ಮನ ಮುಂದೆ ದಪ್ಪು ಹಿಡಿದಳು. "ತಗೋ ಆಯಿ. ನಾ ನಿನಗ ಮೋಸ ಮಾಡೇನಿ. ತುಂತುಣಿ ಕೊಡು, ಹಿಂದ ನಿಂದರ್ತೇನಿ."

ಮಲ್ಕಮ್ಮ ದಪ್ಪನ್ನು ಮುಟ್ಟಲಿಲ್ಲ. ಉಡಿಯಲ್ಲಿದ್ದ ಮೊಬೈಲನ್ನು ಸೆರಗಿನಲ್ಲಿ ಸುತ್ತಿ, ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾನೇ ತುಂತುಣಿ ಎತ್ತಿಕೊಂಡು ಮಧುಮತಿಯ ಹಿಂದೆ ಹೋಗಿ ನಿಂತಳು.

"ಅಂವ ಮೂರನೇ ಸವಾಲ್ ಹಾಕಾಕತ್ತಾನ," ಎಂದು ಒಡಕು ದನಿಯಲ್ಲಿ ಗದರಿದಳು. "ಆ ಕಡಿ ತಿರುಗು. ಕೇಳು."