ಪಂಪ್‌ಹೌಸಿಗೆ ನಾಲ್ಕು ಬೆರಳು ಮಡಿಕೆ

ಬೇಸಿಗೆ ಬಂದರೆ ನಮ್ಮ ನಾಲ್ಕು ಬೀದಿಗಳ ನಲ್ಲಿಗಳಿಗೆ ಕೆಮ್ಮು. ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ಗೊರಗೊರ ಸದ್ದು, ಪುಣ್ಯವಿದ್ದರೆ ಕೊನೆಗೆ ನೀರು. ಮಳೆಗಾಲದಲ್ಲಿ ಕಾಯಿಲೆ ಬೇರೆ. ನೀರೇನೋ ಬರುತ್ತಿತ್ತು, ಟೀ ಬಣ್ಣದಲ್ಲಿ. ಹೊಳೆಯ ದಡದಲ್ಲಿದ್ದ ಪಂಪ್‌ಹೌಸಿಗೆ ವಯಸ್ಸಾಗಿತ್ತು. ಅದನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ತಿಳಿದಾಗ ಎಲ್ಲರಿಗೂ ಖುಷಿಯಾಯಿತು. ಎಷ್ಟು ಎತ್ತರಕ್ಕೆ ಕಟ್ಟಬೇಕು ಎಂಬುದೊಂದರಲ್ಲಿ ಮಾತ್ರ ತಕರಾರು.

ತಕರಾರು ತೆಗೆದವರು ನೀರುಗಂಟಿ. ಮೂವತ್ತು ವರ್ಷದಿಂದ ಪಂಪು ನಡೆಸಿ, ವಾಲ್ವ್ ತಿರುಗಿಸಿ, ಬೀದಿ ಬೀದಿಗೆ ನೀರು ಬಿಡುತ್ತಿದ್ದವರು ಅವರೇ. ರಸ್ತೆಯಿಂದ ಹೊಳೆಗೆ ಹತ್ತು ಕಲ್ಲಿನ ಮೆಟ್ಟಿಲುಗಳಿವೆ. ಕೆಳಗಿನಿಂದ ಎಣಿಸಿದರೆ ಹಳೆಯ ಪಂಪ್‌ಹೌಸಿನ ನೆಲ ನಾಲ್ಕನೆಯದರ ಮಟ್ಟಕ್ಕಿತ್ತು. ಹೊಳೆ ಮೂರನೆಯದನ್ನು ಯಾವತ್ತೂ ದಾಟಿಲ್ಲ, ಹಾಗಾಗಿ ಹೊಸದೂ ನಾಲ್ಕರ ಮಟ್ಟಕ್ಕೇ ಇರಲಿ ಎಂಬುದು ಅವರ ವಾದ. ಮಾತು ಎಲ್ಲಿಂದ ಶುರುವಾದರೂ ಅವರು ಬಂದು ನಿಲ್ಲುತ್ತಿದ್ದುದು ಮೂರನೇ ಮೆಟ್ಟಿಲಿನ ಮೇಲೇ. ಬೆನ್ನ ಹಿಂದೆ ಬೀದಿಯವರು ಅವರನ್ನು ‘ಮೂರನೇ ಮೆಟ್ಟಿಲು’ ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಅವರು ಕೈಯೆತ್ತಿದರೆ ನಾಲ್ಕು ಬೀದಿಯೂ ಕೈಯೆತ್ತುತ್ತಿತ್ತು.

ಹೊಸ ಪಂಪ್‌ಹೌಸಿನ ನಕ್ಷೆ ಬರೆದ ನೀರಿನ ಇಲಾಖೆಯ ಇಂಜಿನಿಯರಿಗೆ ಇದೇ ಚಿಂತೆ. ಸೋಮವಾರ ಬೀದಿಯವರ ಸಭೆ. ಅಲ್ಲಿ ನೀರುಗಂಟಿ ಬೇಡವೆಂದರೆ ನಕ್ಷೆ ಸುರುಳಿ ಸುತ್ತಿಕೊಂಡು ವಾಪಸ್ಸು ಹೋಗುತ್ತಿತ್ತು. ಮುಂದಿನ ಮೂವತ್ತು ವರ್ಷ ನಾವು ಕುಡಿಯುವ ನೀರು ಆ ಒಂದು ಕೈಯಲ್ಲಿತ್ತು. ಇಂಜಿನಿಯರಿಗಿದ್ದ ಒಂದೇ ಅನುಕೂಲವೆಂದರೆ ಆಕೆ ನೀರುಗಂಟಿಯವರ ಹೆಂಡತಿಯ ತಂಗಿ. ಅದು ಅನಾನುಕೂಲವೂ ಹೌದು. ನಾದಿನಿ ಹೇಳಿದ್ದನ್ನು ಒಂದೇ ಸಲಕ್ಕೆ ಒಪ್ಪುವ ಭಾವ ಇನ್ನೂ ಹುಟ್ಟಿಲ್ಲ.

ಶನಿವಾರ ಮಧ್ಯಾಹ್ನ ಆಕೆ ಭಾವನ ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಪಕ್ಕ ಮೊಮ್ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಶಾಲೆಯ ಸ್ಕರ್ಟಿಗೆ ಅಳತೆ ನೋಡುತ್ತಿದ್ದರು. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಪಿನ್ನು. ಭಾವ ಪೇಪರು ಓದುತ್ತಿದ್ದರು. ಕತ್ತರಿಸಿದ ಬಟ್ಟೆಯ ಮೇಲೆಯೇ ನಕ್ಷೆ ಹರಡಿ, ನೆಲ ಏಳನೇ ಮೆಟ್ಟಿಲಿನ ಮಟ್ಟಕ್ಕೆ ಬರುತ್ತದೆ, ಮುಂದೆ ಬೇಕಾದರೆ ಎತ್ತರಿಸಲು ಕಂಬಗಳ ತುದಿಯಲ್ಲಿ ಕಂಬಿ ಬಿಟ್ಟಿರುತ್ತೇವೆ ಎಂದು ಆಕೆ ತೋರಿಸಿದಳು.

“ಯಾಕಮ್ಮ, ಏಳು ಹತ್ತುತೀನಿ ಅಂತ ಹೊಳೆ ನಿನ್ನ ಹತ್ತಿರ ಬಂದು ಹೇಳಿತಾ?”

“ಇಲ್ಲ ಭಾವ. ಎಷ್ಟು ಹತ್ತುತ್ತೆ ಅಂತ ನನಗೂ ಗೊತ್ತಿಲ್ಲ.”

ಭಾವ ಇದಕ್ಕೆ ತಯಾರಾಗಿರಲಿಲ್ಲ. ಅಂಕಿ ಸಂಖ್ಯೆ ಹೇಳುತ್ತಾಳೆ, ಒಂದೊಂದನ್ನೇ ಹೊಡೆದುಹಾಕೋಣ ಎಂದು ಕಾದಿದ್ದರು. “ಗೊತ್ತಿಲ್ಲ ಅನ್ನೋದಕ್ಕೆ ಇಂಜಿನಿಯರಿಂಗ್ ಓದಬೇಕಿತ್ತಾ? ಅಷ್ಟನ್ನ ನಾನು ಓದದೇನೇ ಹೇಳ್ತಿದ್ದೆ.”

“ಹೇಳಿದ್ದೀರಾ, ಒಂದು ದಿನವಾದ್ರೂ?”

ಅಕ್ಕನಿಗೆ ನಗು ಬಂತು. ಬಾಯಲ್ಲಿ ಪಿನ್ನಿರುವಾಗ ನಗುವುದು ಅಪಾಯವೆಂದು ತಡೆದುಕೊಂಡರು.

ನಾದಿನಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಮೊದಲಾದರೆ ಹಿಂದಿನ ನಲವತ್ತು ವರ್ಷದ ಮಳೆ ನೋಡಿ ಮುಂದಿನದನ್ನು ಅಂದಾಜು ಮಾಡುತ್ತಿದ್ದರು, ಅದು ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಈಗ ಭೂಮಿ ಬಿಸಿಯಾಗುತ್ತಿದೆ, ಮಳೆ ಹಳೆಯ ಪಾಠ ಮರೆತಿದೆ. ಒಂದು ವರ್ಷ ತಿಂಗಳ ಮಳೆ ಎರಡೇ ದಿನಕ್ಕೆ ಸುರಿದರೆ, ಇನ್ನೊಂದು ವರ್ಷ ಹೊಳೆಯ ತಳದ ಕಲ್ಲು ಕಾಣುತ್ತದೆ. ಬದಲಾಗುತ್ತದೆ ಎಂಬುದು ಗೊತ್ತು. ಈ ಹೊಳೆಯಲ್ಲಿ ಎಷ್ಟು, ಯಾವಾಗ ಎಂದು ಆಣೆ ಮಾಡಿ ಹೇಳುವವರು ಯಾರೂ ಇಲ್ಲ. ಆದ್ದರಿಂದ ಒಂದೇ ಲೆಕ್ಕ ನಂಬಿ ಕಟ್ಟಬಾರದು. ಹೆಚ್ಚು ಬಂದರೂ ಕಡಿಮೆ ಬಂದರೂ ಕೆಲಸ ನಡೆಯುವಂತೆ ಕಟ್ಟಬೇಕು, ನಾಳೆ ಬದಲಾಯಿಸಲು ದಾರಿ ಬಿಟ್ಟಿರಬೇಕು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದರು ಭಾವ.

“ಕಾಲು ಬೆಳೆಯುತ್ತಲ್ಲ ಭಾವ.”

“ಅಷ್ಟು ಭಯ ಇದ್ರೆ ಹತ್ತಕ್ಕೇ ಕಟ್ಟು. ಇಲ್ಲಾ, ರಸ್ತೆ ದಾಟಿ ನಮ್ಮ ತಾರಸಿ ಮೇಲೇ ಕಟ್ಟಿಬಿಡು.”

ಅಕ್ಕ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದರು. ಅವರು ಹಾಗೆ ಬಾಯಿ ಖಾಲಿ ಮಾಡಿಕೊಂಡರೆ ಮಾತಾಡುವುದಿದೆ ಎಂದರ್ಥ.

“ಈ ಮಗು ಎಷ್ಟು ಎತ್ತರ ಬೆಳೀತಾಳೆ, ಹೇಳಿ ನೋಡೋಣ.”

“ಅದನ್ನ ಯಾರು ಹೇಳೋಕಾಗುತ್ತೆ?”

“ಹಂಗಂತ ಇವತ್ತೇ ಕಾಲಿಗೆ ತೊಡರೋ ಹಂಗೆ ಹೊಲೀಲಾ? ಇಲ್ಲಾ, ಇವತ್ತಿನ ಅಳತೆಗೆ ಕತ್ತರಿಸಿಬಿಟ್ಟು ಬರೋ ವರ್ಷ ಬಾಯಿ ಬಾಯಿ ಬಿಡ್ಲಾ?” ಸ್ಕರ್ಟಿನ ಅಂಚನ್ನು ಮಗುಚಿ ತೋರಿಸಿದರು. ನಾಲ್ಕು ಬೆರಳಷ್ಟು ಬಟ್ಟೆ ಒಳಗೆ ಮಡಚಿಕೊಂಡಿತ್ತು. “ಬೆಳೆದ್ರೆ ಬಿಚ್ಚೋದು. ಬೆಳೀದಿದ್ರೆ ಅದರ ಪಾಡಿಗೆ ಒಳಗಿರುತ್ತೆ. ಯಾರಿಗೆ ಭಾರ?”

“ಮಗು ಬೆಳೆಯುತ್ತೆ ಕಣೇ. ಹೊಳೆ ಮೂವತ್ತು ವರ್ಷದಲ್ಲಿ ಬೆಳೆದಿಲ್ಲ.”

ಅಕ್ಕ ಪಿನ್ನುಗಳನ್ನು ಮತ್ತೆ ಬಾಯಿಗೆ ಸಿಕ್ಕಿಸಿಕೊಂಡರು. ನಾದಿನಿ ಎದ್ದು ಪಂಪ್‌ಹೌಸಿನ ಬೀಗದ ಕೈ ಕೇಳಿ, ಭಾವನನ್ನೂ ಕರೆದುಕೊಂಡು ಹೊರಟಳು.

ಪಂಪ್‌ಹೌಸಿನ ಗೋಡೆಗಳು ಮೊಸರಿನಂತೆ ಬೆಳ್ಳಗಿದ್ದವು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಸಾಹೇಬರು ತಪಾಸಣೆಗೆ ಬರುತ್ತಾರೆ. ಅದಕ್ಕೆ ಮುಂಚೆ ಸುಣ್ಣ ಹೊಡೆಸುವುದು ನೀರುಗಂಟಿಯವರ ಪದ್ಧತಿ. ಗೋಡೆ ಬೆಳ್ಳಗಿದ್ದರೆ ಸಾಹೇಬರು ಬೇರೇನೂ ನೋಡುವುದಿಲ್ಲ ಎಂಬುದು ಅವರ ಅನುಭವ. ನಾದಿನಿ ಬೀಗದ ಕೈಯಿಂದಲೇ ಗೋಡೆಯನ್ನು ಮೆಲ್ಲಗೆ ಕೆರೆದಳು. ಸುಣ್ಣ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಎದ್ದಿತು. ಆರು ಪದರ ಎದ್ದ ಮೇಲೆ, ಮೊಣಕಾಲಿನ ಎತ್ತರದಲ್ಲಿ ಕಂದು ಬಣ್ಣದ ಒಂದು ಗೆರೆ ಕಂಡಿತು. ಆಕೆ ಪಕ್ಕದ ಗೋಡೆಯನ್ನೂ ಕೆರೆದಳು. ಅಲ್ಲಿಯೂ ಗೆರೆ, ಅದೇ ಎತ್ತರದಲ್ಲಿ. ಉಗುರಿನಿಂದ ಉಜ್ಜಿದರೆ ಹೊಳೆಯ ಕೆಸರು.

“ಆರು ವರ್ಷದ ಹಿಂದೆ ಮಳೆಗಾಲದಲ್ಲಿ ನೀವೆಲ್ಲಿದ್ರಿ ಭಾವ?”

“ನಾನೆಲ್ಲಿಗೆ ಹೋಗ್ತೀನಿ, ಇಲ್ಲೇ...” ಎಂದವರು ಅಲ್ಲಿಗೇ ನಿಂತರು. ಸ್ಟೂಲಿನ ಮೇಲೆ ನಿಂತಿದ್ದಳಲ್ಲ, ಅವಳು ಹುಟ್ಟಿದ ವರ್ಷ ಅದು. ಮಗಳ ಹೆರಿಗೆಗೆಂದು ಅವರು ಹನ್ನೆರಡು ದಿನ ಊರಲ್ಲಿರಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಹಾಕಿದ್ದು ಅದೊಂದೇ ರಜಾ.

ಆಗ ಬದಲಿಗೆ ಬಂದಿದ್ದ ಆಪರೇಟರಿಗೆ ಅಲ್ಲಿಂದಲೇ ಫೋನು ಮಾಡಿದರು. ಆತ ಮುಚ್ಚುಮರೆಯಿಲ್ಲದೆ ಹೇಳಿದ. ನೀರು ಒಳಗೆ ಬಂದಿತ್ತು, ಮೋಟರು ಮುಳುಗಿತ್ತು, ಒಣಗಿಸಿಕೊಳ್ಳಲು ಎರಡು ದಿನ ಹಿಡಿಯಿತು. ಬೀದಿಯವರಿಗೆ ಕರೆಂಟಿಲ್ಲ ಎಂದಿದ್ದ. “ಮೊಮ್ಮಗಳು ಹುಟ್ಟಿದ ಖುಷಿಯಲ್ಲಿದ್ರಿ ಅಣ್ಣ. ಯಾಕೆ ನಿಮ್ಮ ಮನಸ್ಸು ಕೆಡಿಸೋದು ಅಂತ ಸುಣ್ಣ ಹೊಡೆದುಬಿಟ್ಟೆ.”

ನೀರುಗಂಟಿ ಫೋನು ಜೇಬಿಗಿಟ್ಟು, ಬಗ್ಗಿ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ, “ನಾನು ರಜಾ ಹಾಕಿದ್ದು ಹನ್ನೆರಡೇ ದಿನ,” ಎಂದರು.

“ಹೊಳೆಗೆ ಯಾರೂ ರಜಾ ಕೊಟ್ಟಿರಲಿಲ್ಲ ಭಾವ.”

ಅವರಿಗೆ ಸಿಟ್ಟು ಬರಲಿಲ್ಲ. ನಕ್ಷೆ ಬಿಚ್ಚು ಎಂದರು. ಮೋಟರು ಅಷ್ಟು ಮೇಲಿದ್ದರೆ ಬೇಸಿಗೆಯಲ್ಲಿ ನೀರು ಎಳೆಯುವುದು ಹೇಗೆ ಎಂದು ಕೇಳಿದರು. ಅದು ತಕರಾರಲ್ಲ, ಕಸುಬಿನವರ ಪ್ರಶ್ನೆ. ಇದು ನೀರೊಳಗೇ ಓಡುವ ಮೋಟರು, ಪಂಪಿನ ಜೊತೆ ದಡದ ಬಾವಿಯೊಳಗೇ ಮುಳುಗಿರುತ್ತದೆ, ಕರೆಂಟಿನ ಬೋರ್ಡು ಮಾತ್ರ ಮೇಲೆ, ಎಂದಳು ನಾದಿನಿ. ಹೊಳೆಯಿಂದ ಬಾವಿಗೆ ನೀರು ಬರಲು ಎರಡು ಕೊಳವೆ, ಒಂದು ಮೇಲೆ, ಇನ್ನೊಂದು ತೀರಾ ಕೆಳಗೆ. ಕೆಳಗಿನದಕ್ಕೆ ಸದ್ಯಕ್ಕೆ ಮುಚ್ಚಳ. ಹೊಳೆ ಬತ್ತಿದ ವರ್ಷ ತೆಗೆದರಾಯಿತು. ಆರನೇ ಮೆಟ್ಟಿಲಿಗೆ ಒಂದು ಕೆಂಪು ಗೆರೆ. ಐದು ವರ್ಷದಲ್ಲಿ ಎರಡು ಸಲ ನೀರು ಅದನ್ನು ಮುಟ್ಟಿದರೆ ನೆಲ ಎತ್ತರಿಸುವುದು. ಆಗ ಮತ್ತೆ ಸಭೆ, ಮತ್ತೆ ಜಗಳ ಬೇಡ, ಈಗಲೇ ಬರೆದಿಡೋಣ.

“ಇನ್ನೊಂದು ಲಾಭ ಇದೆ. ಈಗ ನೀವು ದಿನಾ ರಸ್ತೆಯಿಂದ ಆರು ಮೆಟ್ಟಿಲು ಇಳಿದು ಆರು ಹತ್ತುತೀರಿ. ಇನ್ನು ಮೇಲೆ ಮೂರೇ.”

ನೀರುಗಂಟಿ ತಮ್ಮ ಮಂಡಿ ಸವರಿಕೊಂಡರು. “ಇದನ್ನ ಮೊದಲೇ ಹೇಳಬಾರದಿತ್ತಾ ತಾಯಿ?”

ಸೋಮವಾರದ ಸಭೆಯಲ್ಲಿ ಅವರೇ ಮೊದಲು ಎದ್ದು ನಿಂತರು. ಇಷ್ಟು ವರ್ಷ ಹೇಳಿದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಳ್ಳುವುದು ಸುಲಭದ ಕೆಲಸವಲ್ಲ. ಆ ದಿನಕ್ಕಾಗಿ ನಾವು ಅವರಿಗೆ ಎಷ್ಟು ಕೃತಜ್ಞರಾಗಿದ್ದರೂ ಕಡಿಮೆಯೇ. “ನಾನು ನೋಡದೇ ಇದ್ದಿದ್ದನ್ನ ಗೋಡೆ ನೋಡಿತ್ತು,” ಎಂದರು. “ಸುಣ್ಣ ಹೊಡೆದು ಅದರ ಬಾಯಿ ಮುಚ್ಚಿಸಿದ್ವಿ. ಏಳನೇ ಮೆಟ್ಟಿಲಿಗೆ ನನ್ನ ಕೈ ಮೇಲೆ.” ನಾಲ್ಕು ಬೀದಿಯೂ ಕೈಯೆತ್ತಿತು.

ಹೊಸ ಪಂಪ್‌ಹೌಸು ಎದ್ದಿತು. ಮೊದಲ ಬೇಸಿಗೆಯಲ್ಲಿ ಹೊಳೆ ಸೊರಗಿ ತಳದ ಕಲ್ಲು ಕಂಡಾಗ ಕೆಳಗಿನ ಕೊಳವೆಯ ಮುಚ್ಚಳ ತೆಗೆದರು. ನಲ್ಲಿಗಳು ಕೆಮ್ಮಲಿಲ್ಲ. ಎರಡನೇ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ಬೆಳಿಗ್ಗೆ ಬೀದಿಯವರೆಲ್ಲ ಕೊಡೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ನೀರು ನಾಲ್ಕನ್ನು ದಾಟಿತು, ಐದನ್ನು ಮುಳುಗಿಸಿತು, ಕೆಂಪು ಗೆರೆಯನ್ನು ಮುಟ್ಟಿ ನಿಂತಿತು. ಹಳೆಯ ಪಂಪ್‌ಹೌಸು ಇದ್ದಿದ್ದರೆ ಅದರೊಳಗೆ ತೊಡೆಯ ಮಟ್ಟಕ್ಕೆ ನೀರಿರುತ್ತಿತ್ತು. ಹಿಂದಿನ ಬೀದಿಯಿಂದ ನಲ್ಲಿಯಡಿ ಕೊಡ ತುಂಬುವ ಸದ್ದು ಕೇಳಿಬರುತ್ತಿತ್ತು. ನೀರುಗಂಟಿ ಗೆರೆಯ ಪಕ್ಕದಲ್ಲಿ ಆ ದಿನದ ತಾರೀಖು ಬರೆದು ನಾದಿನಿಗೆ ಫೋನು ಮಾಡಿದರು.

“ಅವತ್ತು ನೀನು ‘ಗೊತ್ತಿಲ್ಲ’ ಅಂದೆಯಲ್ಲಮ್ಮ, ಅದರಿಂದ ದೊಡ್ಡ ಉಪಕಾರ ಆಯ್ತು.”

ಆಕೆ ಏನು ಹೇಳಿದಳೋ ಕೇಳಿಸಲಿಲ್ಲ. ಮನೆಯಲ್ಲಿ ಅಕ್ಕ ಅದೇ ಸ್ಕರ್ಟಿನ ಹೊಲಿಗೆ ಬಿಚ್ಚಿ ಎರಡು ಬೆರಳು ಇಳಿಸುತ್ತಿದ್ದರು. ಇನ್ನೂ ಎರಡು ಬೆರಳು ಒಳಗಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ನಾಳೆ ಚರಂಡಿಯೋ ನೀರಿನ ಟ್ಯಾಂಕೋ ಸೇತುವೆಯೋ ಕಟ್ಟಲು ಬರುತ್ತಾರೆ. ಸಭೆಗೆ ಹೋಗಿ. ನೀರು ಹೆಚ್ಚಾದರೆ ಏನು, ಕಡಿಮೆಯಾದರೆ ಏನು ಎಂದು ಎರಡನ್ನೂ ಕೇಳಿ. ಇಂಜಿನಿಯರು ‘ಗೊತ್ತಿಲ್ಲ’ ಎಂದರೆ ಗಾಬರಿಯಾಗಬೇಡಿ, ಮಡಿಕೆ ಎಷ್ಟು ಬಿಟ್ಟಿದ್ದೀರಿ ಎಂದು ಕೇಳಿ. ನಿಮ್ಮ ಗೋಡೆಯ ಮೇಲೆ ನೀರಿನ ಗೆರೆಯೇನಾದರೂ ಕಂಡರೆ, ದಯವಿಟ್ಟು, ಸುಣ್ಣ ಹೊಡೆಯುವ ಮುಂಚೆ ಅದರ ಪಕ್ಕ ತಾರೀಖು ಬರೆಯಿರಿ.