ಮದಾಮ್ ಲೆಸ್ತ್ರಾಕರ ಬೊಂಬೆ

ಗಿರಾಕಿ ಸುಳ್ಳು ಹೇಳುತ್ತಾಳೆ, ಬೊಂಬೆ ಹೇಳುವುದಿಲ್ಲ. ಶ್ರೀಮಂತರಿಗೆ ಉಡುಪು ಹೊಲಿಯುವ ಅರ್ದ್ವಾಲ್ ಮನೆಯ ಹೊಲಿಗೆ ಕೋಣೆಗೆ ಸೇರಿದ ಮೊದಲ ದಿನವೇ ನಮ್ಮ ಕಿವಿಗೆ ಬಿದ್ದ ಮಾತು ಇದು. ಸೊಂಟ ಗೇಣುದ್ದ ಹಿಗ್ಗಿದ ಹೆಂಗಸೂ ‘ನಾನು ಹಾಗೇ ಇದ್ದೀನಿ’ ಎಂದೇ ಹೇಳುವುದು. ಅದಕ್ಕಾಗಿ ದೊಡ್ಡ ಗಿರಾಕಿಗಳ ಹೆಸರಿನಲ್ಲಿ ಒಂದೊಂದು ಬೊಂಬೆ ಇಟ್ಟಿರುತ್ತೇವೆ. ತಲೆಯಿಲ್ಲ, ಕೈಯಿಲ್ಲ, ಬರೀ ಮುಂಡ. ಗಿರಾಕಿಯ ಮೈ ಬೆಳೆದಂತೆ ಅದಕ್ಕೆ ಹತ್ತಿ ಸುತ್ತಿ, ಮೇಲೆ ಬಟ್ಟೆ ಬಿಗಿದು ಹೊಲಿಯುತ್ತೇವೆ. ಎದೆಯ ಮೇಲೆ ಅವಳ ಹೆಸರು.

ನಮ್ಮ ಮನೆಯ ಚರಿತ್ರೆ ಬರೆದವರು ಈ ಬೊಂಬೆಗಳ ಸುದ್ದಿಯನ್ನೇ ಎತ್ತಿಲ್ಲ. ಟೋಪಿ ಹೊಲಿಯುತ್ತಿದ್ದ ಲೆಯೊಂಟೀನ್ ಅರ್ದ್ವಾಲ್ ಪ್ಯಾರಿಸ್ಸಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದದ್ದು, ಯುದ್ಧಕಾಲದಲ್ಲಿ ರೇಷ್ಮೆ ಸಿಗದೆ ಕಿಟಕಿಯ ಪರದೆಗಳಲ್ಲೇ ಗೌನು ಹೊಲಿದದ್ದು, ಮೊಮ್ಮಗ ಎಲ್ಲವನ್ನೂ ಸೆಂಟು ಮಾಡುವ ಕಂಪನಿಗೆ ಮಾರಿ ಕೈತೊಳೆದುಕೊಂಡದ್ದು, ಇಷ್ಟೇ ಆ ಚರಿತ್ರೆ. ನಾಲ್ಕನೇ ಮಹಡಿಯಲ್ಲಿ ಕತ್ತೆ ಚಾಕರಿ ಮಾಡಿದ ನಾವು ಅದರಲ್ಲಿ ಎಲ್ಲೂ ಇಲ್ಲ.

ಬೊಂಬೆಗಳ ಉಸ್ತುವಾರಿ ಕ್ಲೋಟಿಲ್ಡಳದು. ಕೆಲಸದ ಮೇಜಿನಲ್ಲಿ ನನ್ನ ಪಕ್ಕದ ಸ್ಟೂಲು ಅವಳದೇ. ನಾನು ಬಾಯಿಬಡುಕಿ, ಅವಳು ಮೌನಗೌರಿ. ಇಪ್ಪತ್ತೈದು ತುಂಬಿಯೂ ಮದುವೆಯಾಗದ ಹುಡುಗಿಗೆ ಸಂತ ಕ್ಯಾಥರೀನಳ ಹಬ್ಬದ ದಿನ ಹಸಿರು ಹಳದಿ ಟೋಪಿ ತೊಡಿಸಿ ಕುಣಿಸುವುದು ನಮ್ಮ ಹೊಲಿಗೆ ಮನೆಗಳ ರೂಢಿ. ನಾವಿಬ್ಬರೂ ಒಂದೇ ವರ್ಷ ಆ ಟೋಪಿ ತೊಟ್ಟೆವು. ಮರುವರ್ಷ ನನಗೊಬ್ಬ ಗಂಡ ಸಿಕ್ಕಿದ. ಅವಳ ಟೋಪಿ ಕಪಾಟಿನ ಮೇಲೆ ಧೂಳು ತಿನ್ನುತ್ತ ಉಳಿಯಿತು.

ಮಧ್ಯಾಹ್ನ ನಾವೆಲ್ಲ ಕ್ಯಾಂಟೀನಿಗೆ ಇಳಿದರೆ ಅವಳು ತನ್ನ ಡಬ್ಬಿ ಹಿಡಿದು ಬೊಂಬೆಗಳ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ಮದಾಮ್ ಲೆಸ್ತ್ರಾಕರ ಬೊಂಬೆಯ ಎದುರು ಕೂತು ಊಟ, ಅದರ ಜೊತೆ ಮಾತು. ನಿನ್ನೆ ಮೆಟ್ರೋದಲ್ಲಿ ಜಾಗ ಸಿಗಲಿಲ್ಲ, ಮೇಲಿನ ಮನೆಯವನು ರೇಡಿಯೋ ಜೋರಾಗಿ ಹಾಕುತ್ತಾನೆ, ಇಂಥವೇ. ನಮ್ಮ ಹತ್ತಿರ ಇದರ ಕಾಲುಭಾಗವನ್ನೂ ಆಡಿದವಳಲ್ಲ.

ಮದಾಮ್ ಲೆಸ್ತ್ರಾಕ್ ಬೋರ್ದೋದ ದ್ರಾಕ್ಷಿತೋಟದ ಶ್ರೀಮಂತೆ. ಕ್ಲೋಟಿಲ್ಡ್ ಸೂಜಿ ಹಿಡಿದ ಮೊದಲ ಮದುವೆ ಗೌನು ಅವರದೇ. ಆದರೆ ಅವರ ಮುಖವನ್ನು ಅವಳು ಕಂಡಿರಲಿಲ್ಲ. ಗಿರಾಕಿಗಳಿಗೆ ಉಡುಪು ತೊಡಿಸಿ ನೋಡಲು ಕೆಳಗಿನ ಹಾಲ್‌ಗೆ ಇಳಿಯುವುದು ಹೊಲಿಗೆ ಕೋಣೆಯ ಯಜಮಾನಿ ಮಾತ್ರ. ನಮಗೆ ಹಿಂದಿನ ಮೆಟ್ಟಿಲು.

ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಮದಾಮ್ ಬರುವುದನ್ನು ನಿಲ್ಲಿಸಿದರು. ಬಾರದ ಗಿರಾಕಿಯ ಬೊಂಬೆಯನ್ನು ಬಿಚ್ಚಿ ಬೇರೆಯವರ ಹೆಸರು ಹಾಕುವುದು ಪದ್ಧತಿ. ಕ್ಲೋಟಿಲ್ಡ್ ಅದನ್ನು ಪರದೆಯ ಹಿಂದೆ ಸರಿಸಿಟ್ಟಳು.

“ಬರ್ತಾರೆ ಕಣೇ ಜೋಸೆಟ್. ಬಂದಾಗ ನನ್ ಬೊಂಬೆ ಎಲ್ಲಿ ಅಂದ್ರೆ?”

“ಅಷ್ಟ್ರಲ್ಲಿ ಸತ್ತೇ ಹೋದ್ರೆ?”

“ನಿನ್ ಬಾಯಿಗೆ ಸೂಜಿ ಹಾಕ!”

ಪ್ರತಿ ಚಳಿಗಾಲದಲ್ಲೂ ಅದಕ್ಕೆ ಇನ್ನೊಂದು ಸುತ್ತು ಹತ್ತಿ. “ಈ ವಯಸ್ಸಿಗೆ ಸೊಂಟ ನಿಲ್ಲುತ್ತಾ? ಎಡ ಭುಜನೂ ಇಳಿದಿರುತ್ತೆ,” ಎನ್ನುತ್ತಿದ್ದಳು.

“ಓಹೋ, ಫೋನ್ ಮಾಡಿ ಹೇಳಿದ್ರಾ?” ಎಂದು ನಾನು ಕಾಲೆಳೆದರೆ ಕೋಣೆಗೆ ಕೋಣೆಯೇ ನಗುತ್ತಿತ್ತು. ಅವಳು ಮಾತ್ರ ಹತ್ತಿ ಹಿಂಜುತ್ತ ಕೂತಿರುತ್ತಿದ್ದಳು.

ಮನೆಗೆ ನೂರು ತುಂಬಿದಾಗ ಕಂಪನಿಯವರು ಚರಿತ್ರೆಯ ಪ್ರದರ್ಶನ ಏರ್ಪಡಿಸಿದರು. ಹಳೆಯ ಗಿರಾಕಿಗಳಿಗೆಲ್ಲ ಆಹ್ವಾನ ಹೋಯಿತು. ಮದಾಮ್ ಲೆಸ್ತ್ರಾಕ್ ಬರಲು ಒಪ್ಪಿದ್ದಲ್ಲದೆ ಹೊಸ ಗೌನು ಬೇಕೆಂದರು. ಪ್ರದರ್ಶನದ ಹಿಂದಿನ ದಿನ ಊರಿಗೆ ಬಂದು ತೊಟ್ಟು ನೋಡುತ್ತಾರಂತೆ. ನಮ್ಮ ಯಜಮಾನಿ ಉಗೆಟ್ ಫೋನಿನಲ್ಲಿ ಅಳತೆ ಕೇಳಿದಳು. ಫೋನ್ ಇಟ್ಟವಳೇ ಹೊಟ್ಟೆ ಹಿಡಿದು ನಕ್ಕಳು.

“ಮದುವೆ ದಿನ ಹೆಂಗಿದ್ನೋ ಹಂಗೇ ಇದೀನಿ ಅಂತಾರೆ! ಎಪ್ಪತ್ತು ದಾಟಿದೆ, ಪುಣ್ಯಾತ್ಗಿತ್ತಿಗೆ! ಕ್ಲೋಟಿಲ್ಡ್, ಬೊಂಬೆ ತಗೊಂಬಾ.”

ನಾವೂ ನಕ್ಕೆವು. ಕ್ಲೋಟಿಲ್ಡ್ ಪರದೆ ಸರಿಸಿ ಬೊಂಬೆಯನ್ನು ತಬ್ಬಿ ಹೊತ್ತು ತಂದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಕಂಡದ್ದು ಅದೇ ಮೊದಲು. ಆ ತಿಂಗಳೇ ಅವಳ ನಿವೃತ್ತಿ. ಕೊನೆಯ ಗೌನು, ಅದೂ ಅವರದೇ. ಅವಳು ಉಗೆಟ್‌ಳನ್ನು ಕೇಳಿದ್ದು ಒಂದೇ: “ಈ ಸಲ ನಾನೂ ಕೆಳಗೆ ಬರ್ಲಾ? ಒಂದೇ ಒಂದ್ಸಲ ಅವರನ್ನ ನೋಡ್ಬೇಕು.”

ಉಗೆಟ್ ಒಪ್ಪಿದಳು. ಅವಳಿಗೂ ಕರುಳಿದೆ ಎಂದು ನನಗೆ ಅಂದು ತಿಳಿಯಿತು.

ಮದಾಮ್ ಬರುವ ದಿನ ಕ್ಲೋಟಿಲ್ಡ್ ಕೂದಲು ಸೆಟ್ ಮಾಡಿಸಿಕೊಂಡು, ಹೊಸ ಬೂಟು ಹಾಕಿಕೊಂಡು ಬಂದಳು.

“ನನ್ ಗುರುತು ಹಿಡೀತಾರಾ?”

“ನಿನ್ ಮುಖಾನೇ ನೋಡಿಲ್ಲ, ಹೆಂಗೆ ಹಿಡೀತಾರೆ? ಹುಚ್ಚಿ.”

“ನಲವತ್ತು ವರ್ಷ ಜೊತೇಲಿದೀವಿ ಕಣೇ,” ಎಂದಳು.

ಗೌನು ಹಿಡಿಯಲು ಉಗೆಟ್ ನನ್ನನ್ನೂ ಕರೆದಳು. ಮೂವರೂ ಇಳಿದೆವು. ಮದಾಮ್ ಲೆಸ್ತ್ರಾಕ್ ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದರು. ತೊಡಿಸಿದೆವು. ಬೂದು ರೇಷ್ಮೆ ಬೇಲಿಗೆ ಹರವಿದ ಚಾದರದಂತೆ ಜೋತುಬಿತ್ತು. ಸೊಂಟದಲ್ಲಿ ಇನ್ನೊಬ್ಬಳು ತೂರಿಕೊಳ್ಳಬಹುದಿತ್ತು. ಎಡ ಭುಜ ಜಾರಿ ತೋಳಿಗೆ ಬಂದಿತ್ತು. ಉಗೆಟ್ ಬೆವೆತುಹೋದಳು.

ಮದಾಮ್‌ಗೆ ಸಿಟ್ಟು ಬರಲಿಲ್ಲ, ನಗು ಬಂತು. “ಹಾಗೇ ಇದೀನಿ ಅಂತ ಹೇಳಿದ್ನಲ್ಲ! ಇದು ಯಾರ ಮೈ?”

ನಾನು ಕ್ಲೋಟಿಲ್ಡಳ ಕಡೆ ತಿರುಗಿದೆ. ಉಗೆಟ್ ಕೂಡ ತಿರುಗಿದಳು. ಆ ತುಂಬಿದ ಸೊಂಟ, ಬಾಗಿದ ಬೆನ್ನು, ಇಳಿದ ಎಡ ಭುಜ. ದಿನವೂ ಪಕ್ಕದಲ್ಲೇ ಕೂತಿದ್ದ ನನಗೆ ಅದು ಹೊಳೆದಿರಲಿಲ್ಲ. ನಾವು ಯಾಕೆ ನೋಡುತ್ತಿದ್ದೇವೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಎದುರಿನ ದೊಡ್ಡ ಕನ್ನಡಿ ನೋಡಿದಳು. ಅದರಲ್ಲಿ ಗೌನೂ ಇತ್ತು, ಪಕ್ಕದಲ್ಲಿ ಅವಳೂ ಇದ್ದಳು.

“ಯಾವ ಅಂದಾಜಿನ ಮೇಲೆ ಹೊಲಿದ್ರಿ?” ಮದಾಮ್ ಸಹಜವಾಗಿಯೇ ಕೇಳಿದರು.

“ವಯಸ್ಸಾದ ಮೈ ನಂಗೆ ಇನ್ಯಾರದು ಗೊತ್ತು, ಮದಾಮ್?” ಎಂದಳು ಕ್ಲೋಟಿಲ್ಡ್.

ಮದಾಮ್ ಅವಳನ್ನು ಒಂದು ಕ್ಷಣ ನೋಡಿದರು. ಏನಾದರೂ ಕೇಳುತ್ತಾರೆ, ಕೊನೆಗೆ ಹೆಸರಾದರೂ ಕೇಳುತ್ತಾರೆ ಎಂದುಕೊಂಡೆ. ಅವರು ಉಗೆಟ್ ಕಡೆ ತಿರುಗಿ, “ನಾಳೆ ಸಂಜೆಯೊಳಗೆ ಸರಿಯಾಗುತ್ತಾ?” ಎಂದರು.

ಸರಿಯಾಗಲೇಬೇಕಿತ್ತು. ಕೋಣೆಯ ಹುಡುಗಿಯರೆಲ್ಲ ಹೊಲಿಗೆ ಬಿಚ್ಚಲು ಕೂತರು. ಕ್ಲೋಟಿಲ್ಡ್ ಬೊಂಬೆ ಬಿಚ್ಚಲು ಕೂತಳು. ನಾನೂ ಜೊತೆಗೆ ಕೂತೆ. ಬಟ್ಟೆ ಕಿತ್ತು ಒಂದೊಂದೇ ಸುತ್ತು ಹತ್ತಿ ತೆಗೆದಳು. ಮೇಲಿನದು ಬಿಳಿ, ಒಳಗಿನದು ಹಳದಿಗಟ್ಟಿತ್ತು. ನೆಲದ ಮೇಲೆ ಗುಡ್ಡೆ ಬಿತ್ತು. ಕೊನೆಗೆ ಮದುವೆ ಹುಡುಗಿಯ ಸಣ್ಣ ನಡು ಉಳಿಯಿತು. ಅವಳ ಪಕ್ಕದಲ್ಲೇ ನಲವತ್ತು ವರ್ಷ ವಟಗುಟ್ಟಿದವಳು ನಾನಲ್ಲವೇ?

“ಹತ್ತಿ ಮತ್ತೆ ಸುತ್ತೋಣ,” ಎಂದೆ. “ನಿನ್ ಹೆಸರೇ ಹಾಕೋಣ. ಮನೆಗೆ ತಗೊಂಡ್ಹೋಗು, ಉಗೆಟ್ ಹತ್ರ ನಾನು ಮಾತಾಡ್ತೀನಿ.”

ಅವಳು ಹತ್ತಿಯನ್ನು ಚೀಲಕ್ಕೆ ತುರುಕುತ್ತಿದ್ದಳು.

“ಬೇಡ ಜೋಸೆಟ್. ಅದನ್ನ ಅವರು ಅಂದ್ಕೊಂಡು ದಿನಾ ಏನೇನೋ ಹೇಳ್ತಿದ್ದೆ. ಅದು ನಾನೇ ಅಂತ ಗೊತ್ತಾದ್ಮೇಲೆ, ಏನಂತ ಮಾತಾಡ್ಲಿ?”